ಭಾನುವಾರ ಅಂಗಡಿ ತೆರೆದರೆ ರಜೆ ಯಾರಿಗೆ?

ಬೆಲ್ಲದ ಬಾಗೇವಾಡಿ: ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಹುಕ್ಕೇರಿ ತಾಲ್ಲೂಕಿನ ಈ ಊರಿನಲ್ಲಿ ವಾರದ ಲೆಕ್ಕ ಸಡಿಲಗೊಳ್ಳುತ್ತದೆ. ಸಕ್ಕರೆ ಕಾರ್ಖಾನೆ ಹಗಲಿರುಳು ನಡೆಯುತ್ತದೆ. ರವಿವಾರವೆಂದು ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲುವುದಿಲ್ಲ. ಟ್ರ್ಯಾಕ್ಟರು ನಿಲ್ಲದಿದ್ದರೆ ಚಹಾದಂಗಡಿ, ಕಿರಾಣಿ ಅಂಗಡಿ, ಪಂಕ್ಚರ್ ತಿದ್ದುವ ಅಂಗಡಿಗಳಿಗೂ ಬಾಗಿಲು ಹಾಕುವ ಧೈರ್ಯ ಬರುವುದಿಲ್ಲ.

ನಗರಗಳಲ್ಲಿ ಕಾರಣ ಬೇರೆ, ಪರಿಣಾಮ ಒಂದೇ. ವಾರವಿಡೀ ಕಚೇರಿಯಲ್ಲಿ ಕಳೆಯುವ ದಂಪತಿಗೆ ದಿನಸಿ, ಬಟ್ಟೆ ಖರೀದಿಗೆ ಉಳಿಯುವುದು ಭಾನುವಾರ ಮಾತ್ರ. ಹೀಗಾಗಿ ಒಬ್ಬರ ಬಿಡುವಿನ ದಿನವೇ ಮತ್ತೊಬ್ಬರ ಅತಿ ಹೆಚ್ಚು ದುಡಿಮೆಯ ದಿನವಾಗಿದೆ. ಇಲ್ಲಿ ಎರಡು ಪ್ರಶ್ನೆಗಳಿವೆ: ಅಂಗಡಿ ತೆರೆಯಬಹುದೇ ಎಂಬುದು ಒಂದು, ಅದರಲ್ಲಿ ದುಡಿಯುವವರಿಗೆ ರಜೆ ಉಂಟೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿದಾಗಲೇ ಗೊಂದಲ ಹುಟ್ಟುತ್ತದೆ.

ರಜೆ ಬಂದ ದಾರಿ

ವಾರಕ್ಕೊಂದು ದಿನ ಬಿಡುವು ಈ ಸೀಮೆಗೆ ಹೊಸದಲ್ಲ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತುಗಳ ಹೆಗಲಿಗೆ ನೊಗ ಹೇರುವುದಿಲ್ಲ. ಭಾನುವಾರದ ರಜೆ ಮಾತ್ರ ಗಿರಣಿಯಿಂದ ಬಂದದ್ದು. ಮುಂಬೈನಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರು 1884ರಿಂದ ಗಿರಣಿ ಕಾರ್ಮಿಕರ ಪರವಾಗಿ ನಡೆಸಿದ ಹೋರಾಟದ ಫಲವಾಗಿ 1890ರ ಜೂನ್ 10ರಂದು ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾರ್ಖಾನೆ ಕಾಯ್ದೆ ವಾರದ ರಜೆಗೆ ಕಾನೂನಿನ ಬಲ ನೀಡಿತು. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯೂ ಹೆಚ್ಚುಕಡಿಮೆ ಅದೇ ಕಾಲದ್ದು.

ಅಂಗಡಿಯ ಆಳುಗಳು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಅಂಗಡಿ ನೌಕರರಿಗಾಗಿ ದೇಶದ ಮೊದಲ ಕಾಯ್ದೆ 1939ರಲ್ಲಿ, ಆಗ ಬೆಳಗಾವಿ ಜಿಲ್ಲೆಯೂ ಸೇರಿದ್ದ ಮುಂಬೈ ಪ್ರಾಂತದಲ್ಲಿ ಬಂದಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ.

ಕಾಯ್ದೆ ಹೇಳುವುದೇನು?

ಈ ಕಾಯ್ದೆ ಭಾನುವಾರವನ್ನು ಹೆಸರಿಸಿಲ್ಲ. ವಾರದಲ್ಲಿ ಒಂದು ದಿನ ಅಂಗಡಿ ಮುಚ್ಚಿರಬೇಕು, ನೌಕರನಿಗೆ ವಾರಕ್ಕೆ ಒಂದು ಪೂರ್ಣ ದಿನ ರಜೆ ಸಿಗಬೇಕು ಎಂಬುದು ಅದರ ಮೂಲ ನಿಯಮ. ಹೀಗಾಗಿ ಬೇರೊಂದು ವಾರ ಬಾಗಿಲು ಹಾಕುವ ಅಂಗಡಿ ಭಾನುವಾರ ತೆರೆದರೆ ತಪ್ಪಿಲ್ಲ. ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಕಾಯ್ದೆ ಹಾಕಿತು. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ನಿಗದಿಪಡಿಸಿತು.

2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಈ ನಿಯಮದ ಒಂದು ಭಾಗವನ್ನು ಸಡಿಲಿಸಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷದ ಎಲ್ಲ ದಿನ, 24 ಗಂಟೆಯೂ ತೆರೆದಿರಲು ಮೂರು ವರ್ಷಗಳ ಅನುಮತಿ ದೊರೆಯಿತು. ಬಳಿಕ ಅದನ್ನು ವಿಸ್ತರಿಸಲಾಯಿತು. ಆದರೆ ನೌಕರರ ವಾರದ ರಜೆ ರದ್ದಾಗಲಿಲ್ಲ. ಹೆಚ್ಚುವರಿ ಸಿಬ್ಬಂದಿ ನೇಮಿಸಿ ಸರದಿಯಂತೆ ರಜೆ ನೀಡಬೇಕು, ದಿನಕ್ಕೆ 8 ಗಂಟೆ ಮೀರಿ ದುಡಿಸಬಾರದು, ಹೆಚ್ಚುವರಿ ದುಡಿಮೆ ಸೇರಿದರೂ 10 ಗಂಟೆ ದಾಟಬಾರದು ಎಂಬ ಷರತ್ತುಗಳಿದ್ದವು. ಅಂಗಡಿಗೆ ರಜೆ ಇಲ್ಲದಿದ್ದರೂ ಆಳಿಗೆ ರಜೆ ಇರಲೇಬೇಕು ಎಂಬುದೇ ಇದರ ತಾತ್ಪರ್ಯ.

ಸರದಿ ಇಲ್ಲದವರು

ತೊಡಕು ಇರುವುದು ಸಣ್ಣ ಅಂಗಡಿಯಲ್ಲಿ. ಹತ್ತಾರು ನೌಕರರಿರುವ ಮಳಿಗೆ ಸರದಿ ಹಾಕಬಲ್ಲದು. ಗಂಡ ಹೆಂಡತಿ ಇಬ್ಬರೇ ನಡೆಸುವ ಕಿರಾಣಿ ಅಂಗಡಿಯಲ್ಲಿ ಸರದಿ ಯಾರಿಗೆ ಹಾಕುವುದು? ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮಾಲೀಕನ ಕುಟುಂಬದವರು 'ನೌಕರ'ರಲ್ಲ. ಬೆಳಿಗ್ಗೆ ಹಾಲಿನ ಹೊತ್ತಿಗೆ ಬಾಗಿಲು ತೆರೆದು, ರಾತ್ರಿ ಕೊನೆಯ ಗಿರಾಕಿಯವರೆಗೆ ಕೂರುವ ಗೃಹಿಣಿಯ ದುಡಿಮೆಗೆ ಗಂಟೆಗಳ ಮಿತಿಯೂ ಇಲ್ಲ, ವಾರದ ರಜೆಯೂ ಇಲ್ಲ. ಪಕ್ಕದ ಅಂಗಡಿ ತೆರೆದಿರುವಾಗ ತಾವು ಮುಚ್ಚಿದರೆ ಗಿರಾಕಿ ಅಲ್ಲಿಗೇ ಹೋದಾನೆಂಬ ಅಂಜಿಕೆ. ಪಟ್ಟಣಗಳಲ್ಲಿ ಇದರೊಡನೆ ಮೊಬೈಲ್ ಮೂಲಕ ದಿನಸಿ ತರಿಸುವ ರೂಢಿಯ ಪೈಪೋಟಿಯೂ ಸೇರಿದೆ.

ಈ ಅಂಜಿಕೆ ಇಲ್ಲದ ಭಾನುವಾರಗಳನ್ನು ರಾಜ್ಯ ಒಮ್ಮೆ ಕಂಡಿತ್ತು. ಕೋವಿಡ್ ಕಾರಣದಿಂದ 2020ರ ಜುಲೈನ ಭಾನುವಾರಗಳಂದು ಅಗತ್ಯ ಸೇವೆಗಳನ್ನು ಬಿಟ್ಟು ಎಲ್ಲವೂ ಮುಚ್ಚಿದ್ದವು. ವ್ಯಾಪಾರಕ್ಕೆ ಪೆಟ್ಟು ಬಿತ್ತು, ನಿಜ. ಆದರೆ ನೆರೆಯವನು ತೆರೆದಿದ್ದಾನೆಂಬ ಕಾರಣಕ್ಕೆ ಗಿರಾಕಿಯನ್ನು ಕಳೆದುಕೊಳ್ಳುವ ಭಯ ಅಂದು ಇರಲಿಲ್ಲ.

ಒತ್ತಡ ತಗ್ಗುವ ಲಕ್ಷಣವಿಲ್ಲ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ವಾರಕ್ಕೆ 90 ಗಂಟೆ, ಭಾನುವಾರವೂ ದುಡಿಯುವ ಮಾತನಾಡಿದ್ದು ದೇಶದಾದ್ಯಂತ ಚರ್ಚೆಯಾಯಿತು. ಅದೇ ವರ್ಷ ದಿನದ ದುಡಿಮೆಯನ್ನು 10 ಗಂಟೆಗೆ ಏರಿಸುವ ರಾಜ್ಯದ ಪ್ರಸ್ತಾವವನ್ನು ನೌಕರರ ಸಂಘಟನೆಗಳು ವಿರೋಧಿಸಿದವು.

ಮಾಡಬಹುದಾದ್ದೇನು?

ವಾರದ ರಜೆ ದೊರೆಯದ ಅಂಗಡಿ ನೌಕರರು ಕಾರ್ಮಿಕ ನಿರೀಕ್ಷಕರಿಗೆ ದೂರು ನೀಡಬಹುದು. ಕುಟುಂಬವೇ ನಡೆಸುವ ಅಂಗಡಿಗಳಿಗೆ ಉಳಿದಿರುವ ದಾರಿ ಪರಸ್ಪರ ಒಪ್ಪಂದ. ಊರಿನ ವರ್ತಕರು ಸೇರಿ, ಸಂತೆಯ ದಿನವನ್ನು ಬಿಟ್ಟು ವಾರದ ಒಂದು ದಿನವನ್ನೋ ಕನಿಷ್ಠ ಅರ್ಧ ದಿನವನ್ನೋ ಗೊತ್ತುಮಾಡಿ ಒಟ್ಟಿಗೆ ಬಾಗಿಲು ಹಾಕಿದರೆ ಯಾರ ಗಿರಾಕಿಯೂ ಕೈತಪ್ಪುವುದಿಲ್ಲ. ಅದು ಭಾನುವಾರವೇ ಆಗಬೇಕೆಂದಿಲ್ಲ. ಎತ್ತಿಗೆ ಸೋಮವಾರವನ್ನು ಬಿಟ್ಟುಕೊಟ್ಟ ಸೀಮೆಯಲ್ಲಿ ಗಲ್ಲೆಯ ಮುಂದೆ ಕೂತವರಿಗೂ ಒಂದು ವಾರ ಸಿಗುವುದು ಅಸಾಧ್ಯವೇನಲ್ಲ.