ರಿಸೀವರ್ ಎತ್ತಿದಾಗ ಏನಾಗುತ್ತದೆ?

ಅಟ್ಟದ ಮೇಲೆ ಹಳೆಯ ಡಯಲ್ ಫೋನ್ ಬಿದ್ದಿದೆಯೇ? ಗುಜರಿಗೆ ಹಾಕುವ ಮುನ್ನ ಮಕ್ಕಳ ಕೈಗೊಂದು ಸ್ಕ್ರೂಡ್ರೈವರ್ ಕೊಡಿ. ಎಲೆಕ್ಟ್ರಾನಿಕ್ಸ್‌ನ ಮೊದಲ ಪಾಠಕ್ಕೆ ಇಷ್ಟು ಅಗ್ಗದ ಪುಸ್ತಕ ಸಿಗುವುದು ಕಷ್ಟ.

ಈ ಫೋನಿಗೆ ಮನೆಯ ಕರೆಂಟ್ ಬೇಕಿರಲಿಲ್ಲ. ವಿನಿಮಯ ಕೇಂದ್ರದ ಬ್ಯಾಟರಿಗಳಿಂದ 48 ವೋಲ್ಟ್ ಏಕಮುಖ ವಿದ್ಯುತ್ತು ಎರಡು ತಾಮ್ರದ ತಂತಿಗಳಲ್ಲಿ ಬಂದು ಕಾದಿರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಕೆಲಸ ಮಾಡುತ್ತಿದ್ದುದು ಇದರಿಂದಲೇ. ರಿಸೀವರ್ ಕೆಳಗಿದ್ದಾಗ ಮಂಡಲ ತೆರೆದಿರುತ್ತದೆ. ಎತ್ತಿದೊಡನೆ ಅದರಡಿಯ ಸ್ವಿಚ್ ಕೂಡಿ ವಿದ್ಯುತ್ತು ಹರಿಯುತ್ತದೆ. 'ಇಲ್ಲೊಬ್ಬರಿಗೆ ಮಾತಾಡಬೇಕಿದೆ' ಎಂದು ಕೇಂದ್ರಕ್ಕೆ ತಿಳಿಯುವುದು ಆ ಹರಿವಿನಿಂದ. ಅದರ ಉತ್ತರವೇ ಡಯಲ್ ಟೋನ್.

ಡಯಲಿನ ತಮಾಷೆ ಇನ್ನೂ ಸೊಗಸು. 4 ತಿರುಗಿಸಿ ಬಿಟ್ಟರೆ ಚಕ್ರ ಹಿಂದಿರುಗುವಾಗ ಹರಿವನ್ನು ನಾಲ್ಕು ಸಲ ಕಡಿದು ಕೂಡಿಸುತ್ತದೆ, ಸೆಕೆಂಡಿಗೆ ಸುಮಾರು ಹತ್ತರಂತೆ. ಸೊನ್ನೆಗೆ ಹತ್ತು ಸಲ. ಡಯಲಿಗೆ ಬೀಗ ಜಡಿದಿದ್ದರೆ, ರಿಸೀವರ್ ಇಡುವ ಗುಂಡಿಯನ್ನೇ ಪಟಪಟನೆ ಬಡಿದು ನಂಬರ್ ಹಚ್ಚುವ ಜಾಣರಿದ್ದರು, ತತ್ತ್ವ ಒಂದೇ! ಗುಂಡಿ ಫೋನಿನ ರೀತಿ ಬೇರೆ. 5 ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಏಕೆ ಎರಡು? ನಮ್ಮ ಮಾತೋ ಶಿಳ್ಳೆಯೋ ಅಕಸ್ಮಾತ್ತಾಗಿ ಅಂಕಿಯಂತೆ ಕೇಳಬಾರದಲ್ಲ.

ಒಂದು ಎಚ್ಚರಿಕೆ. ಗಂಟೆ ಬಾರಿಸಲು ತಂತಿಗೆ ಬರುವುದು 75 ವೋಲ್ಟ್ ಆಸುಪಾಸಿನ ಪರ್ಯಾಯ ವಿದ್ಯುತ್ತು. ಸಂಪರ್ಕ ಕಳಚಿದ ಫೋನನ್ನು ಮಾತ್ರ ಬಿಚ್ಚಬೇಕು.

ವಿನಿಮಯ ಕೇಂದ್ರದ ಕಥೆಯಲ್ಲಿ ನಮ್ಮ ನಾಡಿಗೂ ಪಾಲಿದೆ. ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಹಳ್ಳಿಗಳಿಗೆಂದೇ 128 ಪೋರ್ಟುಗಳ ಪುಟ್ಟ ಎಲೆಕ್ಟ್ರಾನಿಕ್ ಕೇಂದ್ರವನ್ನು ರೂಪಿಸಿತು. ಧೂಳು, ಸೆಕೆಗಳ ನಡುವೆ ಏರ್ ಕಂಡೀಷನರ್ ಇಲ್ಲದೆ ಅದು ದುಡಿಯಬೇಕಿತ್ತು. ಹಳ್ಳಿಯಲ್ಲಿ ತಂಪು ಕೋಣೆ ಎಲ್ಲಿಂದ ತರುವುದು? 1986ರ ಜುಲೈನಲ್ಲಿ ಇಂಥ ಮೊದಲ ಕೇಂದ್ರ ಶುರುವಾದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ.

ಇಂಥ ಡಿಜಿಟಲ್ ಕೇಂದ್ರ ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಪ್ರತಿ ಅಳತೆಯನ್ನೂ ಸೊನ್ನೆ-ಒಂದುಗಳ ಎಂಟು ಬಿಟ್‌ಗಳಲ್ಲಿ ಬರೆಯುತ್ತದೆ. ಅಂದರೆ ಒಂದು ಸೆಕೆಂಡಿನ ಮಾತಿಗೆ 64,000 ಬಿಟ್‌ಗಳು! ಸಾಗಿಸುವುದು ಮಾತ್ರ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ. ಮಾತು ತಿಳಿಯಲು ಇಷ್ಟು ಸಾಕೆಂಬುದು ಎಂಜಿನಿಯರುಗಳ ಲೆಕ್ಕ. ಲ್ಯಾಂಡ್‌ಲೈನಿನಲ್ಲಿ ಇಂಗ್ಲಿಷಿನ 'ಎಸ್' ಮತ್ತು 'ಎಫ್' ಅಕ್ಷರಗಳನ್ನು ಹೇಳಿ ನೋಡಿ, ಆ ಕಡೆಯವರು ಖಂಡಿತ ಇನ್ನೊಮ್ಮೆ ಕೇಳುತ್ತಾರೆ.