ತೋಟದ ಮನೆಯ ಮಗುವಿನ ಶಾಲೆ ಯಾರ ಹೊಣೆ?

ಕಸಬಾ, ದಂಡಿನಶಿವರ, ಮಾಯಸಂದ್ರ, ದಬ್ಬೇಘಟ್ಟ: ತುರುವೇಕೆರೆ ತಾಲ್ಲೂಕಿನ ಈ ನಾಲ್ಕು ಹೋಬಳಿಗಳಲ್ಲೂ ಊರಿಗಿಂತ ಹೆಚ್ಚು ಜಾಗ ಹಿಡಿದಿರುವುದು ತೆಂಗಿನ ತೋಟ. ಕಾಯಿ ಕೀಳಿಸಿ ಅಟ್ಟಕ್ಕೆ ಹಾಕಬೇಕು, ವರ್ಷದ ಹತ್ತಿರ ಒಣಗಲು ಬಿಡಬೇಕು, ಆಮೇಲೆ ಸುಲಿಸಿ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಕಳಿಸಬೇಕು. ಇಷ್ಟನ್ನೂ ನೋಡಿಕೊಳ್ಳಲು ಜನ ತೋಟದಲ್ಲೇ ಇರಬೇಕಾಗುತ್ತದೆ. ಹಾಗಾಗಿ ಎಷ್ಟೋ ಸಂಸಾರಗಳು ತೋಟದ ಮನೆಗಳಲ್ಲಿ ನೆಲೆಸಿವೆ; ಪಾಳ್ಯ, ಹಟ್ಟಿಗಳು ಅಲ್ಲಲ್ಲಿ ಚದುರಿಕೊಂಡಿವೆ. ಈ ಸೀಮೆಯ ಕಿರಿಯ ಪ್ರಾಥಮಿಕ ಶಾಲೆಗಳು ಚಿಕ್ಕವಾಗಿರುವುದಕ್ಕೆ ಮೊದಲ ಕಾರಣ ಇದೇ. ಮನೆಗೆ ಒಂದೋ ಎರಡೋ ಮಕ್ಕಳಾದದ್ದು, ಖಾಸಗಿ ಶಾಲೆಯ ಬಸ್ಸು ತೋಟದ ಗೇಟಿನವರೆಗೆ ಬಂದದ್ದು ಆಮೇಲಿನ ಮಾತು. ಹಾಜರಿ ಪುಸ್ತಕದಲ್ಲಿ ಹೆಸರು ಕಡಿಮೆ ಎಂದು ಶಾಲೆಯನ್ನು ದೂರುವ ಮೊದಲು ನೆಲದ ಈ ಸ್ವಭಾವ ನೆನಪಿರಬೇಕು.

ತಾಲ್ಲೂಕಿನ ಶಾಲೆಗಳಿಗೆಲ್ಲ ಕೇಂದ್ರ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಜನರ ಬಾಯಲ್ಲಿ ಬಿಇಒ ಆಫೀಸು. ಅದರ ಮೇಲೆ ತುಮಕೂರಿನಲ್ಲಿ ಉಪನಿರ್ದೇಶಕರು, ಕೆಳಗೆ ಶಾಲೆಗಳ ಕ್ಲಸ್ಟರಿಗೊಬ್ಬರು ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿ. ಶಾಲೆಯ ಮಟ್ಟದಲ್ಲಿ ಪೋಷಕರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ, ಇದೆ. 2001ರಲ್ಲಿ ಬಂದ ಈ ಸಮಿತಿಗಳ ಹಿಂದೆ ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಚಿಂತನೆ ಇತ್ತು. ಅವರು ಹುಟ್ಟಿದ್ದು ಪಕ್ಕದ ತಿಪಟೂರಿನಲ್ಲೇ ಎಂಬುದು ಈ ಸೀಮೆಯವರು ನೆನೆಯಬೇಕಾದ ಸಂಗತಿ. ಇಷ್ಟೆಲ್ಲ ಇದ್ದರೂ ಅಂಗನವಾಡಿ ಬೇರೆ ಇಲಾಖೆಯದು, ಹಾಸ್ಟೆಲು ಮತ್ತೊಂದರದು. ಕಾಂಪೌಂಡು, ಶೌಚಾಲಯಕ್ಕೆ ಗ್ರಾಮ ಪಂಚಾಯಿತಿಯ ಬಾಗಿಲು ತಟ್ಟಬೇಕು. ಮೇಷ್ಟ್ರ ಹುದ್ದೆ ಮಂಜೂರಾಗುವುದು ಬೆಂಗಳೂರಿನಲ್ಲಿ. ಒಂದು ಹಟ್ಟಿಯ ಆರು ವರ್ಷದ ಮಗುವಿಗೆ ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇಲ್ಲವಾದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರು? ತಾಲ್ಲೂಕಿನ ಮಟ್ಟದಲ್ಲಿ ಅಂಥ ಒಂದು ಕೈ ಇರಲೇಬೇಕು ಎಂಬುದೇ ಈ ಲೇಖನದ ವಾದ.

ಇದೇನೂ ಹೊಸ ಬೇಡಿಕೆಯಲ್ಲ. ಹಳೇ ಮೈಸೂರಿನಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1913ರಲ್ಲಿ. 1930ರ ದಶಕದಲ್ಲಿ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ ಹೋದವು, 1941ರ ಕಾಯ್ದೆಯಿಂದ ಮತ್ತೆ ಸರ್ಕಾರಕ್ಕೆ ಬಂದವು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು, ನೆರೆಹೊರೆಯಲ್ಲಿ ಶಾಲೆ ಇರುವಂತೆ ನೋಡಿಕೊಳ್ಳುವುದನ್ನೂ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡುವುದನ್ನೂ ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದೇ ಹೇಳುತ್ತದೆ. ಐದನೇ ತರಗತಿವರೆಗೆ ಒಂದು ಕಿಲೋಮೀಟರು, ಎಂಟರವರೆಗೆ ಮೂರು ಎಂಬುದು ನೆರೆಹೊರೆಯ ಅಳತೆ. ಐದನೇ ತರಗತಿವರೆಗಿನ ಶಾಲೆಯಲ್ಲಿ ಮಕ್ಕಳು ಎಷ್ಟೇ ಕಡಿಮೆ ಇರಲಿ, ಅರವತ್ತರವರೆಗೆ ಇಬ್ಬರು ಶಿಕ್ಷಕರು ಬೇಕು ಎಂದೂ ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ. ಹಾಗಿದ್ದ ಮೇಲೆ ಏಕೋಪಾಧ್ಯಾಯ ಶಾಲೆಯನ್ನು ಹಳ್ಳಿಯ ಹಣೆಬರಹವೆಂದು ಒಪ್ಪಿಕೊಳ್ಳಲಾಗದು. ಅದು ಕಾನೂನಿನ ಉಲ್ಲಂಘನೆ.

ಈ ಕರ್ತವ್ಯವನ್ನು ನಡೆಸಿ ತೋರಿಸುವುದು ಹೇಗೆ ಎಂಬುದಕ್ಕೆ ಇಂಗ್ಲೆಂಡಿನ ಮೆಟ್ರೋಪಾಲಿಟನ್ ಬರೋಗಳನ್ನು, ಅಂದರೆ ಅಲ್ಲಿನ ಸ್ಥಳೀಯ ಆಡಳಿತ ಘಟಕಗಳನ್ನು, ನೋಡಬಹುದು. ಓಲ್ಡ್‌ಹ್ಯಾಮ್, ರಾಚ್‌ಡೇಲ್‌ನಂಥ 36 ಬರೋಗಳು 1974ರಿಂದ ಇವೆ. ತನ್ನ ಎಲ್ಲೆಯೊಳಗಿನ ಮಕ್ಕಳಿಗೆ ಸಾಕಾಗುವಷ್ಟು ಸೀಟು ಇರುವಂತೆ ನೋಡಿಕೊಳ್ಳುವುದು ಅಲ್ಲಿನ ಕೌನ್ಸಿಲ್ಲಿನ ಕಾನೂನುಬದ್ಧ ಕೆಲಸ. ಪ್ರಾಥಮಿಕ ಶಾಲೆಯ ಸೀಟು ಯಾವುದೆಂದು ಏಪ್ರಿಲ್ 16ರಂದು ತಂದೆತಾಯಿಗೆ ತಿಳಿಯುತ್ತದೆ. ತಕ್ಕ ಶಾಲೆ ಎಂಟು ವರ್ಷದೊಳಗಿನ ಮಗುವಿಗೆ ಎರಡು ಮೈಲಿಗಿಂತ, ಅದಕ್ಕೂ ದೊಡ್ಡವರಿಗೆ ಮೂರು ಮೈಲಿಗಿಂತ ದೂರವಾದರೆ ಪುಕ್ಕಟೆ ಸಾರಿಗೆ ಕೊಡಬೇಕು. ಅವು ಹಣವಿರುವ, ಒತ್ತೊತ್ತಾಗಿ ಮನೆಗಳಿರುವ ಪಟ್ಟಣಗಳು, ತೆಂಗಿನ ಸೀಮೆಗೆ ಹೋಲಿಕೆ ಎಲ್ಲಿಯದು ಎನ್ನಬಹುದು. ಮನೆಗಳು ಚದುರಿದಷ್ಟೂ ದೂರದ ಲೆಕ್ಕ ಇಡುವವರು ಹೆಚ್ಚು ಬೇಕಾಗುತ್ತದೆ ಎಂಬುದು ನನ್ನ ಉತ್ತರ. 2010ರ ನಂತರ ಅಲ್ಲಿ ಅನೇಕ ಶಾಲೆಗಳು ಕೌನ್ಸಿಲ್ಲಿನ ಹಿಡಿತ ಬಿಟ್ಟು ಅಕಾಡೆಮಿಗಳಾದವು ನಿಜ. ಆಗಲೂ ಪ್ರತಿ ಮಗುವಿಗೆ ಸೀಟು ಹುಡುಕುವ ಹೊಣೆ ಕೌನ್ಸಿಲ್ಲಿನ ಬಳಿಯೇ ಉಳಿಯಿತು.

ಹತ್ತು ಮಕ್ಕಳಿಗೆ ಒಂದು ಶಾಲೆ ದುಂದು, ಅಷ್ಟು ಚಿಕ್ಕ ಗುಂಪಿನಲ್ಲಿ ಕಲಿಕೆಯೂ ಸಾಗುವುದಿಲ್ಲ, ವಿಲೀನ ಮಾಡುವುದೇ ಮೇಲು ಎಂಬ ಆಕ್ಷೇಪಣೆ ಹೋಲಿಕೆಯ ಆ ಮಾತಿಗಿಂತ ಗಟ್ಟಿಯಾದದ್ದು. ಅದರಲ್ಲಿ ಸತ್ಯವಿದೆ. 2018ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳು ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವುದನ್ನು ಪೋಷಕರು ಮೆಚ್ಚಿದ್ದೂ ನಿಜ. ಆದರೆ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಬಹುದೆಂದು ತೋರಿಸಿದ ಪದ್ಧತಿ. ಅಷ್ಟರ ಮೇಲೂ ಶಾಲೆಯೊಂದನ್ನು ಮುಚ್ಚಲೇಬೇಕಾದರೆ ದೊಡ್ಡ ಶಾಲೆಗೆ ಬಸ್ಸು ಮೊದಲು ಬರಲಿ, ಬೀಗ ಆಮೇಲೆ ಬೀಳಲಿ. ಖಾಸಗಿ ಶಾಲೆ ಇಂಗ್ಲಿಷಿನ ಜೊತೆಗೆ ಎಲ್‌ಕೆಜಿಯನ್ನೂ ಬಸ್ಸನ್ನೂ ಮಾರುತ್ತಿದೆ. ಈ ಎರಡನ್ನು ತಾಲ್ಲೂಕೇ ಕೊಟ್ಟರೆ ಪೋಷಕರ ಆಯ್ಕೆಯೂ ಬದಲಾಗಬಹುದು. ಪ್ರತಿ ಬೇಸಿಗೆಯಲ್ಲಿ, ಶಾಲೆ ಶುರುವಾಗುವ ಮುಂಚೆ, ಪಂಚಾಯಿತಿ ಕಟ್ಟಡದ ಗೋಡೆಗೆ ಒಂದು ಪಟ್ಟಿ ಅಂಟಿಸುವುದರಿಂದ ಈ ಕೆಲಸ ಶುರುವಾಗಲಿ. ಯಾವ ಪಾಳ್ಯದಲ್ಲಿ, ಯಾವ ತೋಟದ ಸಾಲಿನಲ್ಲಿ ಶಾಲೆಯ ವಯಸ್ಸಿನ ಮಕ್ಕಳು ಎಷ್ಟು, ಅವರಿಗೆ ಹತ್ತಿರದ ಶಾಲೆ ಯಾವುದು, ದೂರ ಎಷ್ಟು, ಅಲ್ಲಿ ಶಿಕ್ಷಕರು ಎಷ್ಟು ಎಂಬುದು ಅದರಲ್ಲಿರಲಿ. ಪಟ್ಟಿಯ ಕೆಳಗೆ, ಬಸ್ಸಿಗೂ ಮೇಷ್ಟ್ರಿಗೂ ಉತ್ತರ ಕೊಡಬೇಕಾದ ಅಧಿಕಾರಿಯ ಸಹಿ ಇರಲಿ.