ಸ್ಕೌಟ್ ಚಿತ್ರಗಳಲ್ಲಿರುವ ಮುಖ ಯಾರದು?

ಸ್ಕೌಟ್ ಬಾಲಕನೊಬ್ಬನ ಚಿತ್ರ ಬರೆಯಿರೆಂದು ಏಳನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆವು. ಹೆಚ್ಚಿನ ಹಾಳೆಗಳಲ್ಲಿ ಮೂಡಿದ್ದು ಅಗಲ ಅಂಚಿನ ಟೋಪಿ, ಚೂಪು ಮೂಗು, ಹಳದಿ ಕೂದಲು. ವಾರವಾರವೂ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಬರುವ ನಮ್ಮ ಕನ್ನಡ ಶಾಲೆಯ ಮಕ್ಕಳಿಗೂ ಸ್ಕೌಟ್ ಎಂದರೆ ಬೇರೆ ಯಾವನೋ ಒಬ್ಬ. ಆ ಮುಖವನ್ನು ಲೋಕಕ್ಕೆ ಪರಿಚಯಿಸಿದ ಚಿತ್ರಕಾರರನ್ನು ಹತ್ತಿರದಿಂದ ನೋಡುವುದು ಉಚಿತವೆಂದು ನಮಗೆ ತೋರಿತು.

ಮೊದಲ ಹೆಸರು ಅಮೆರಿಕದ ನಾರ್ಮನ್ ರಾಕ್‌ವೆಲ್ (1894–1978) ಅವರದು. ಇಪ್ಪತ್ತು ತುಂಬುವ ಮುನ್ನವೇ ‘ಬಾಯ್ಸ್ ಲೈಫ್’ ಎಂಬ ಸ್ಕೌಟ್ ಪತ್ರಿಕೆಯ ಕಲಾ ಸಂಪಾದಕರಾದ ಅವರು, 1925ರಿಂದ 1976ರವರೆಗೆ ಒಂದೆರಡು ವರ್ಷಗಳ ಹೊರತು ಪ್ರತಿವರ್ಷವೂ ಅಲ್ಲಿನ ಸ್ಕೌಟ್ ಕ್ಯಾಲೆಂಡರಿಗೆ ಚಿತ್ರ ಬರೆದುಕೊಟ್ಟರು. ನೆರೆನೀರಿನಿಂದ ಪುಟ್ಟ ಹುಡುಗಿಯೊಬ್ಬಳನ್ನು ಎತ್ತಿ ತರುವ ಸ್ಕೌಟ್‌ನ ಚಿತ್ರ ಅವುಗಳಲ್ಲಿ ಪ್ರಸಿದ್ಧ. ರಾಕ್‌ವೆಲ್ ಕಲ್ಪನೆಯಿಂದ ಮುಖ ಬರೆದವರಲ್ಲ. ತಮ್ಮ ಊರಿನ ನೆರೆಹೊರೆಯವರನ್ನೇ ಕರೆದು, ಉಡುಪು ತೊಡಿಸಿ, ಎದುರಿಗೆ ನಿಲ್ಲಿಸಿ, ಛಾಯಾಚಿತ್ರ ತೆಗೆಸಿ, ಇದ್ದಿಲಿನಲ್ಲಿ ಪೂರ್ಣಗಾತ್ರದ ರೇಖಾಚಿತ್ರ ಮಾಡಿಕೊಂಡ ಬಳಿಕವೇ ಬಣ್ಣಕ್ಕೆ ಕೈಹಾಕುತ್ತಿದ್ದರು. ಹೀಗಾಗಿ ಆ ಸ್ಕೌಟ್‌ಗಳೆಲ್ಲ ಅವರ ಬೀದಿಯ ಮಕ್ಕಳು. ಅಂತೆಯೇ ಬಹುಮಟ್ಟಿಗೆ ಬಿಳಿಯ ಮಕ್ಕಳು. ಇದೇ ಕಲಾವಿದರು 1964ರಲ್ಲಿ ಪ್ರಕಟವಾದ ಚಿತ್ರವೊಂದರಲ್ಲಿ, ಕಾವಲಿನ ನಡುವೆ ಶಾಲೆಗೆ ನಡೆಯುವ ಕಪ್ಪು ಬಾಲಕಿ ರೂಬಿ ಬ್ರಿಡ್ಜಸ್‌ಳನ್ನು ಚಿತ್ರಿಸಿದರು. ಆ ಚಿತ್ರವನ್ನು ನಮ್ಮ ಮಕ್ಕಳಿಗೆ ತೋರಿಸದೆ ಕ್ಯಾಲೆಂಡರನ್ನಷ್ಟೇ ತೋರಿಸುವುದು ಅರ್ಧ ಪಾಠವೆಂದೇ ನಮ್ಮ ಭಾವನೆ.

ಅವರ ಉತ್ತರಾಧಿಕಾರಿ ಜೋಸೆಫ್ ಚತಾರಿ, ಹಂಗೇರಿಯಿಂದ ವಲಸೆ ಬಂದ ದಂಪತಿಗಳ ಮಗ. ಬಾಲ್ಯದಲ್ಲಿ ರಾಕ್‌ವೆಲ್‌ರ ಚಿತ್ರಗಳ ಮೇಲೆ ಚೌಕಗಳನ್ನೆಳೆದು ನಕಲು ಮಾಡುತ್ತ ಕಲಿತವರು. ನಮ್ಮ ಚಿತ್ರಕಲಾ ಶಿಕ್ಷಕರು ಹೇಳಿಕೊಡುವುದೂ ಇದೇ ಚೌಕಗಳ ವಿಧಾನ! ಗುರುವಿನ ಕೊನೆಯ ಕ್ಯಾಲೆಂಡರುಗಳಿಗೆ ನೆರವಾಗಿ, 1977ರಿಂದ ಕುಂಚವನ್ನು ತಾವೇ ಹಿಡಿದರು. ಶೈಲಿ ಗುರುವಿನದೇ, ನಗೆಯ ಮೊನಚು ತುಸು ಕಡಿಮೆ. ಆದರೆ ಬಗೆಬಗೆಯ ಮೈಬಣ್ಣದ ಮಕ್ಕಳು ಇವರ ಚಿತ್ರಗಳಲ್ಲಿ ಒಟ್ಟಿಗೆ ಕಾಣುತ್ತಾರೆ.

ಫ್ರಾನ್ಸಿನ ಪಿಯೆರ್ ಜೂಬೆರ್ (1910–2002) ಅವರ ದಾರಿ ಬೇರೆ. ಅವರು ಬರೆದದ್ದು ಬಾಲಕರ ಕಾದಂಬರಿಗಳಿಗೆ. ಆದ್ದರಿಂದ ಮಸಿಯ ರೇಖೆಯೇ ಅವರ ಬಲ. ಅವರ ಸ್ಕೌಟ್ ಪಕ್ಕದ ಮನೆಯ ತುಂಟನಲ್ಲ, ಮಧ್ಯಯುಗದ ವೀರನಂತಹ ತೆಳುಮೈಯ ತರುಣ. ಕಣ್ಣಿಗೆ ಸೊಗಸು, ಆದರೆ ಎಟುಕದ ಸೊಗಸು.

ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಅದರಲ್ಲಿ ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮಾತ್ರ ಪ್ರವೇಶವಿತ್ತು. ಇಂದಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡದ್ದು 1950ರಲ್ಲಿ. ಸಂಸ್ಥೆ ನಮ್ಮದಾಗಿ ದಶಕಗಳೇ ಕಳೆದರೂ ಮಕ್ಕಳ ಮನಸ್ಸಿನ ಚಿತ್ರ ಬದಲಾಗಿಲ್ಲ.

ಮುಂದಿನ ವಾರ ನಾವು ರಾಕ್‌ವೆಲ್‌ರ ವಿಧಾನವನ್ನೇ ಅನುಸರಿಸಿದೆವು. ಗೈಡ್ ಸಮವಸ್ತ್ರದ ಸಹಪಾಠಿಯೊಬ್ಬಳನ್ನು ಕಿಟಕಿಯ ಬಳಿ ನಿಲ್ಲಿಸಿ, ಕಂಡದ್ದನ್ನೇ ಬರೆಯಿರಿ ಎಂದೆವು. ಸ್ಕಾರ್ಫಿನ ಗಂಟಿಗೆ ಎಲ್ಲರೂ ರಬ್ಬರ್ ಸವೆಸಿದರು. ಈ ಸಲ ಹಾಳೆಗಳಲ್ಲಿ ಎರಡು ಜಡೆಗಳಿದ್ದವು, ಎಣ್ಣೆ ಹಚ್ಚಿ ಬಾಚಿದ ಕಪ್ಪು ಕೂದಲಿತ್ತು. ಆ ಹುಡುಗಿ ಮಾತ್ರ, ತನ್ನ ಮೂಗು ಯಾರಿಗೂ ಸರಿಯಾಗಿ ಬಂದಿಲ್ಲವೆಂದು ದೂರಿದಳು.